ಶಬ್ದ ನಮ್ಮದೇ, ವಾಕ್ಯ ಕೈಕೊಡುತ್ತದೆ: ಮರಾಠಿ ಕಲಿಯುವ ನಮ್ಮ ಕಡೆಯವರಿಗೆ

ಧೂಳಖೇಡದ ಸೇತುವೆ ಮೇಲೆ ಭೀಮಾ ನದಿ ದಾಟಿದರೆ ಬಸ್ಸಿನೊಳಗಿನ ಮಾತೇನೂ ಬದಲಾಗುವುದಿಲ್ಲ. ಬದಲಾಗುವುದು ರಸ್ತೆ ಪಕ್ಕದ ಫಲಕ. ಸೊಲ್ಲಾಪುರದ ಪೇಟೆಯಲ್ಲಿ ಅರ್ಧ ದಿನ ಕನ್ನಡದಲ್ಲೇ ವ್ಯವಹಾರ ಮುಗಿಸಿ ಬರಬಹುದು. ಪೇಚಾಟ ಶುರುವಾಗುವುದು ಅದರಾಚೆ. ಇಂಡಿಯಿಂದ ಲಿಂಬೆಹಣ್ಣಿನ ಚೀಲ ಹೇರಿಕೊಂಡು ಪುಣೆ ಮಾರ್ಕೆಟ್ಟಿಗೆ ಹೋದವನಿಗೆ, ಸಿಂದಗಿಯಿಂದ ಮಗಳನ್ನು ನರ್ಸಿಂಗ್ ಓದಲು ಬಿಟ್ಟುಬಂದ ಅಪ್ಪನಿಗೆ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಹೋದ ಗೌಂಡಿಗೆ ಆಗುವ ಅನುಭವ ಒಂದೇ: ಎದುರಿನವರು ಆಡಿದ್ದೆಲ್ಲ ತಿಳಿಯುತ್ತದೆ, ತಾನು ಬಾಯಿ ತೆರೆದರೆ ಅವರು ನಗುತ್ತಾರೆ.

ನನಗೂ ಆಗಿದೆ. ಪುಣೆಗೆ ಹೋದ ಹೊಸದರಲ್ಲಿ ಊಟಕ್ಕೆ ಹೋಗುತ್ತಿದ್ದ ಖಾನಾವಳಿಯ ಮಾಲೀಕರು ತಟ್ಟೆ ತೊಳೆಯುವ ಹುಡುಗನಿಗೆ ಜೋರಾಗಿ ಬೈದರು. ಬೈದು ಮುಗಿಸಿ, ಗಲ್ಲೆಯ ಮುಂದೆ ಕೂತು ವಿಠ್ಠಲನ ಅಭಂಗ ಗುನುಗತೊಡಗಿದರು. ಚಂದ ಹಾಡುತ್ತಿದ್ದರು. ನಾನು ಹೋಗಿ “ತುಮಚಾ ರಾಗ ಖೂಪ ಚಾಂಗಲಾ ಆಹೇ” ಎಂದೆ. ಸಂಗೀತದ ರಾಗಕ್ಕೆ ಮರಾಠಿಯಲ್ಲೂ ರಾಗ ಎನ್ನುತ್ತಾರೆ, ಸುಳ್ಳಲ್ಲ. ಆದರೆ ದಿನಬಳಕೆಯ ಮಾತಿನಲ್ಲಿ ರಾಗ ಅಂದರೆ ಸಿಟ್ಟು. “ನಿಮ್ಮ ಸಿಟ್ಟು ಭಾಳ ಚಲೋ ಅದ” ಎಂದು, ಅದೂ ಬೈಗುಳ ಆರುವ ಮೊದಲೇ, ಹೇಳಿದಂತಾಯಿತು. ಅವರು ಹಾಡು ನಿಲ್ಲಿಸಿ ನನ್ನ ಮುಖ ನೋಡಿದ ರೀತಿ ಇನ್ನೂ ಕಣ್ಣ ಮುಂದಿದೆ.

ಇಂಗ್ಲಿಷ್ ಬಲ್ಲವರು ಫ್ರೆಂಚ್ ಕಲಿಯುವಾಗಲೂ ಇದೇ ಬಲೆಗೆ ಬೀಳುತ್ತಾರೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಇಂಗ್ಲಿಷಿಗೆ ಸಾವಿರಾರು ಫ್ರೆಂಚ್ ಶಬ್ದಗಳು ಬಂದವು, ಹಾಗಾಗಿ ಪುಸ್ತಕ ತೆರೆದ ಕೂಡಲೇ ಅರ್ಧ ಬಂದಂತೆ ಅನ್ನಿಸುತ್ತದೆ. ಮೇಜು ಹೆಣ್ಣೋ ಗಂಡೋ ಎಂದು ಕೇಳಿದಾಗ ಗಾಡಿ ನಿಲ್ಲುತ್ತದೆ. ನಮ್ಮ ವಿಜಯಪುರ ಜಿಲ್ಲೆಯ ಕಥೆಯೂ ಹೆಚ್ಚುಕಡಿಮೆ ಹಾಗೇ. 1956ರ ನವೆಂಬರ್ 1ರವರೆಗೆ ನಾವು ಮುಂಬಯಿ ರಾಜ್ಯದಲ್ಲಿದ್ದೆವು. ಪಗಾರ, ಹಜೇರಿ, ಪಾಳಿ, ಸೂಟಿ, ಉದ್ರಿ, ಗಿರಣಿ, ಅಗದಿ, ಬರೋಬರಿ, ಗಡಬಡ ಇವೆಲ್ಲ ಎರಡೂ ಕಡೆ ಓಡಾಡುವ ನಾಣ್ಯಗಳು. ಸಾಲ ಒಂದೇ ಕಡೆಯದೂ ಅಲ್ಲ. ಅವರ ‘ತೂಪ’ ನಮ್ಮ ತುಪ್ಪವೇ, ಅವರು ಕರೆಯುವ ‘ಅಣ್ಣಾ’, ‘ಅಕ್ಕಾ’ ನಮ್ಮ ಮನೆಯವೇ. ಜಮಖಂಡಿಯಲ್ಲಿ ಹುಟ್ಟಿ ಇಂಡಿ ತಾಲ್ಲೂಕಿನ ನಿಂಬಾಳದಲ್ಲಿ ನೆಲೆಸಿದ ಗುರುದೇವ ರಾನಡೆಯವರು ಮರಾಠಿ ಸಂತರ ಮೇಲೂ ಕನ್ನಡ ಅನುಭಾವಿಗಳ ಮೇಲೂ ಗ್ರಂಥ ಬರೆದರು. ಈ ನೆಲದಲ್ಲಿ ಎರಡು ಭಾಷೆ ಇಟ್ಟುಕೊಳ್ಳುವುದು ಹೊಸದಲ್ಲ.

ಹಾಗಾದರೆ ನಗು ಯಾಕೆ? ಶಬ್ದ ಗೊತ್ತಿದೆ ಎಂಬ ಧೈರ್ಯದಲ್ಲಿ ನಾವು ವ್ಯಾಕರಣದ ಕಡೆ ತಿರುಗಿಯೂ ನೋಡುವುದಿಲ್ಲ. ನಾನು ನೋಡಿದಂತೆ ಇಂಡಿ ಕಡೆಯವರದು ಇದೇ ಕಾಯಿಲೆ: ಚಿಕ್ಕಂದಿನಿಂದ ಕಿವಿಗೆ ಬಿದ್ದ ತಪ್ಪು ಮರಾಠಿ ಕಲ್ಲಾಗಿ ಕೂತಿರುತ್ತದೆ. ಕೃಷ್ಣೆಯ ದಂಡೆಯ ಮುದ್ದೇಬಿಹಾಳದವರಿಗೆ ಆ ರೂಢಿ ಕಡಿಮೆ, ಅಂಜಿಕೆ ಹೆಚ್ಚು. ವಿಚಿತ್ರವೆಂದರೆ, ಅಂಜುತ್ತ ಕಲಿತವರೇ ಆರು ತಿಂಗಳಲ್ಲಿ ಶುದ್ಧವಾಗಿ ಆಡುತ್ತಾರೆ.

ಮೊದಲು ಸಿಹಿ ಸುದ್ದಿ

ಮರಾಠಿ ವಾಕ್ಯದ ಎಲುಬು ಕನ್ನಡದ ಎಲುಬೇ. ಕರ್ತೃ ಮೊದಲು, ಕ್ರಿಯಾಪದ ಕೊನೆಗೆ, ವಿಭಕ್ತಿ ಪ್ರತ್ಯಯ ನಾಮಪದದ ಬಾಲಕ್ಕೆ. ಇಷ್ಟಕ್ಕೇ ನಿಲ್ಲುವುದಿಲ್ಲ. ನಾವು “ನನಗ ಹಸಿವಾಗೇದ” ಎನ್ನುತ್ತೇವೆ, ಅವರು “ಮಲಾ ಭೂಕ ಲಾಗಲೀ” ಎನ್ನುತ್ತಾರೆ. “ನನಗ ಮರಾಠಿ ಬರ್ತದ” ಎಂಬುದು “ಮಲಾ ಮರಾಠೀ ಯೇತೇ”. ಎರಡರಲ್ಲೂ ಭಾಷೆ ನಮ್ಮ ಹತ್ತಿರ ಬರುತ್ತದೆ. “ಉಂಡು ಬಂದೆ” ಎನ್ನಲು “ಜೇವೂನ ಆಲೋ”. “ಬರ್ತೀನಿ ಅಂದ” ಎನ್ನಲು “ಯೇತೋ ಮ್ಹಣಾಲಾ”. ಯಾರಿಗಾದರೂ ಕಾಯಬೇಕಾದರೆ ನಾವು ದಾರಿ ನೋಡುತ್ತೇವೆ, ಅವರು ‘ವಾಟ’ ನೋಡುತ್ತಾರೆ, ವಾಟ ಅಂದರೆ ದಾರಿಯೇ.

ಬೇಕು, ಬೇಡ, ಬಾರದು ಈ ಮೂರಕ್ಕೆ ಸರಿಯಾದ ಜೋಡಿ ಇಂಗ್ಲಿಷಿನಲ್ಲಿ ಹುಡುಕಿದರೂ ಸಿಗದು. ಮರಾಠಿಯಲ್ಲಿ ಸಿದ್ಧವಾಗಿವೆ: ಪಾಹಿಜೇ, ನಕೋ, ನಯೇ. “ಹೋಗಬ್ಯಾಡ” ಎಂದರೆ “ಜಾಊ ನಕೋ”, “ಹೋಗಬಾರದು” ಎಂದರೆ “ಜಾಊ ನಯೇ”.

ಆದ್ದರಿಂದ ಮೊದಲ ಹದಿನೈದು ದಿನ ವ್ಯಾಕರಣ ಪುಸ್ತಕ ಮುಟ್ಟಬೇಡಿ. ನೀವು ದಿನಾ ಆಡುವ ಮೂವತ್ತು ಕನ್ನಡ ವಾಕ್ಯ ಬರೆದುಕೊಳ್ಳಿ, ಮರಾಠಿ ಬಲ್ಲವರ ಹತ್ತಿರ ಅವುಗಳ ಕೆಳಗೆ ಮರಾಠಿ ಬರೆಸಿಕೊಳ್ಳಿ. ಶಬ್ದಕ್ಕೆ ಶಬ್ದ ಹೊಂದಿಸಿ ನೋಡಿ. ಇಂಗ್ಲಿಷ್ ಮೂಲಕ ಮರಾಠಿ ಕಲಿಸುವ ಪುಸ್ತಕದಿಂದ ಶುರು ಮಾಡಿದರೆ ನೇರ ದಾರಿ ಬಿಟ್ಟು ಸುತ್ತುದಾರಿ ಹಿಡಿದಂತೆ.

ಇನ್ನೊಂದು ಅನುಕೂಲ. ಮರಾಠಿಯಲ್ಲಿ ‘ಜೋ… ತೋ’ ಎಂದು ಜೋಡಿಸುವ ಉದ್ದ ವಾಕ್ಯಗಳಿವೆ. ಅವುಗಳಿಗೆ ಸದ್ಯ ಕೈ ಹಾಕಬೇಡಿ. “ನಿನ್ನೆ ಬಂದ ಮನುಷ್ಯ” ಎನ್ನಲು “ಕಾಲ ಆಲೇಲಾ ಮಾಣೂಸ”, “ನಾಳೆ ಬರೋ ಗಾಡಿ” ಎನ್ನಲು “ಉದ್ಯಾ ಯೇಣಾರೀ ಗಾಡೀ” ಎಂಬ ನಮ್ಮದೇ ಕಟ್ಟು ಅಲ್ಲೂ ಇದೆ. ಅದರಲ್ಲೇ ವರ್ಷಗಟ್ಟಲೆ ಬಾಳಬಹುದು.

ಕೈಕೊಡುವ ಮೂರು ಜಾಗ

1. ಲಿಂಗ. ಕನ್ನಡದಲ್ಲಿ ಗಂಡಸು ಗಂಡು, ಹೆಂಗಸು ಹೆಣ್ಣು, ಉಳಿದದ್ದೆಲ್ಲ ಅದು. ಮರಾಠಿಯಲ್ಲಿ ಗೋಡೆ, ಬಾಗಿಲು, ಉಸುಕು, ಚಹಾ ಎಲ್ಲಕ್ಕೂ ಲಿಂಗವಿದೆ, ಅದೂ ಮೂರು: ತೋ, ತೀ, ತೇ. ರಸ್ತಾ ಗಂಡು, ಭಿಂತ (ಗೋಡೆ) ಹೆಣ್ಣು, ಘರ ನಪುಂಸಕ. ಗಂಡು ಪಂಖಾ ಕೆಳಗೆ ಹೆಣ್ಣು ಖುರ್ಚೀ, ಅದರ ಪಕ್ಕ ನಪುಂಸಕ ಟೇಬಲ್. ಇದರಲ್ಲಿ ಅರ್ಥ ಹುಡುಕಬೇಡಿ, ಇಲ್ಲ.

ಅರ್ಥ ಇಲ್ಲದಿದ್ದರೂ ಸುಳಿವು ಇದೆ. ‘ಆ’ದಲ್ಲಿ ಮುಗಿಯುವವು ಬಹುತೇಕ ಗಂಡು: ಕಾಂದಾ, ಡಬಾ, ಪಂಖಾ. ‘ಈ’ದಲ್ಲಿ ಮುಗಿಯುವವು ಬಹುತೇಕ ಹೆಣ್ಣು: ಗಾಡೀ, ಭಾಕರೀ, ಖಿಡಕೀ. ಎಳೆದ ‘ಅಂ’ನಲ್ಲಿ ಮುಗಿದರೆ ನಪುಂಸಕ: ಕೇಳಂ, ಅಂಡಂ. ಮೋಸಗಾರರು ಕೆಲವರಿದ್ದಾರೆ. ಪಾಣೀ (ನೀರು) ‘ಈ’ದಲ್ಲಿ ಮುಗಿದರೂ ನಪುಂಸಕ, ಹತ್ತೀ (ಆನೆ) ಗಂಡು. ‘ಊ’ಕಾರದವಂತೂ ಮೂರು ದಿಕ್ಕಿಗೆ ಮೂರು: ಚಾಕೂ ಗಂಡು, ವಾಳೂ (ಉಸುಕು) ಹೆಣ್ಣು, ಲಿಂಬೂ ನಪುಂಸಕ.

ಲಿಂಗ ಯಾಕೆ ಬಿಡಲಾಗದು? ಅದು ನಾಮಪದದೊಳಗೇ ಸುಮ್ಮನೆ ಕೂರುವುದಿಲ್ಲ, ಅಕ್ಕಪಕ್ಕದವರನ್ನೆಲ್ಲ ಎಳೆಯುತ್ತದೆ. ‘ಇಂಡಿಯ’ ಎಂಬ ಒಂದು ಕನ್ನಡ ಪದಕ್ಕೆ ಮರಾಠಿಯಲ್ಲಿ ಇಂಡೀಚಾ ಊಸ (ಕಬ್ಬು), ಇಂಡೀಚೀ ಗಾಡೀ, ಇಂಡೀಚಂ ಲಿಂಬೂ ಎಂದು ಮೂರು ವೇಷ. ನನ್ನ, ಒಳ್ಳೆಯ, ದೊಡ್ಡ ಎಲ್ಲಕ್ಕೂ ಇದೇ ಗತಿ: ಮಾಝಾ, ಮಾಝೀ, ಮಾಝಂ. ಒಂದು ಲಿಂಗ ತಪ್ಪಿದರೆ ವಾಕ್ಯದಲ್ಲಿ ಮೂರು ತಪ್ಪಾಗುತ್ತದೆ.

ಮಾಡಬೇಕಾದದ್ದು ಸರಳ. ಬರೀ ‘ಭಿಂತ’ ಎಂದು ಕಲಿಯಬೇಡಿ, ‘ತೀ ಭಿಂತ’ ಎಂದೇ ಕಲಿಯಿರಿ. ನೋಟ್‌ಬುಕ್ಕಿನ ಪುಟಕ್ಕೆ ಮೂರು ಕಾಲಂ ಎಳೆದು ಮೇಲೆ ತೋ, ತೀ, ತೇ ಬರೆಯಿರಿ. ನಿಮ್ಮ ಉದ್ಯೋಗದ ಸಾಮಾನಿನಿಂದಲೇ ಶುರುವಾಗಲಿ. ಗೌಂಡಿಯಾದರೆ ತೀ ವೀಟ (ಇಟ್ಟಂಗಿ), ತೀ ವಾಳೂ, ತೇ ಸಿಮೆಂಟ್. ಅಡಿಗೆಯವರಾದರೆ ತೀ ಸಾಖರ, ತೇ ಮೀಠ, ತೇ ದೂಧ, ತೋ ಕಾಂದಾ. ದಿನಕ್ಕೆ ಐದು ಸಾಕು. ನಿಘಂಟು ನೋಡುವವರು ಶಬ್ದದ ಪಕ್ಕದ ‘ಪು.’, ‘ಸ್ತ್ರೀ.’, ‘ನ.’ ಎಂಬ ಪುಟ್ಟ ಅಕ್ಷರಗಳನ್ನು ಹಾರಿಸಬಾರದು.

ಲಿಂಗ ಮರೆತುಹೋದಾಗ ಪಾರಾಗಲು ಒಂದು ಕಳ್ಳದಾರಿಯಿದೆ. ಗರಮ, ಲಾಲ, ಸುಂದರ, ಸ್ವಸ್ತ (ಅಗ್ಗ) ಇಂಥ ಗುಣವಾಚಕಗಳು ಯಾವ ಲಿಂಗಕ್ಕೂ ತಲೆಬಾಗುವುದಿಲ್ಲ. ‘ಚಾಂಗಲಾ’ನೋ ‘ಚಾಂಗಲೀ’ಯೋ ಎಂದು ತಡವರಿಸುವಾಗ ‘ಮಸ್ತ’ ಎಂದುಬಿಡಿ.

ಲಿಂಗ ನಿಮ್ಮನ್ನೂ ಬಿಡುವುದಿಲ್ಲ. ‘ನಾ ಹೋಗ್ತೀನಿ’ ಎನ್ನಲು ಗಂಡಸು ‘ಮೀ ಜಾತೋ’, ಹೆಂಗಸು ‘ಮೀ ಜಾತೇ’ ಎನ್ನಬೇಕು. ಬಾಡಿಗೆ ಮನೆಯ ಒಡತಿಯ ಬಾಯಿಂದ ಮರಾಠಿ ಕಲಿತ ನಮ್ಮ ಹುಡುಗರು “ಮೀ ಯೇತೇ” ಎಂದು ಹೊರಟರೆ ಗೆಳೆಯರು ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ. ನಿಮ್ಮದೇ ಲಿಂಗದವರ ಮಾತನ್ನು ಅನುಕರಿಸಿ, ಇಷ್ಟೇ ಉಪಾಯ. (ಕೊಲ್ಹಾಪುರ ಕಡೆಯ ಹೆಣ್ಣುಮಕ್ಕಳು “ಮೀ ಆಲೋ” ಎನ್ನುವುದುಂಟು. ಪುಣೆಯವರು ಅದಕ್ಕೂ ನಗುತ್ತಾರೆ. ನಗುವವರಿಗೆ ನೆಪ ಬೇಕಷ್ಟೆ.)

2. ಭೂತಕಾಲ. ಹತ್ತು ವರ್ಷ ಮುಂಬಯಿಯಲ್ಲಿದ್ದವರೂ ಇಲ್ಲಿ ಜಾರುತ್ತಾರೆ. “ರಾಮ ಗಾಡಿ ಮಾರಿದ” ಎನ್ನಲು ಮರಾಠಿಯಲ್ಲಿ “ರಾಮಾನೇ ಗಾಡೀ ವಿಕಲೀ”. ಮಾರಿದವನು ಗಂಡಸು, ಕ್ರಿಯಾಪದ ಹೆಣ್ಣು. “ಸೀತೇನೇ ಪಂಖಾ ಘೇತಲಾ” ಎಂದರೆ ಸೀತೆ ಫ್ಯಾನು ಕೊಂಡಳು, ಕ್ರಿಯಾಪದ ಗಂಡು.

ಯಾಕೆ ಹೀಗೆಂದು ತಿಳಿದರೆ ಬಾಯಿಪಾಠ ಬೇಕಾಗುವುದಿಲ್ಲ. ಆ ‘ನೇ’ ಯಾವುದು ನೋಡಿ. “ಚಾಕೂನೇ ಕಾಪ” ಎಂದರೆ ಚಾಕುವಿನಿಂದ ಕತ್ತರಿಸು. ಹಾಗಾದರೆ ‘ರಾಮಾನೇ’ ಅಂದರೆ ‘ರಾಮನಿಂದ’. ರಾಮನಿಂದ ಗಾಡಿ ಮಾರಾಟವಾಯಿತು ಎಂಬ ಧಾಟಿಯಲ್ಲಿ ವಾಕ್ಯ ನಿಂತಿದೆ. ಮಾರಾಟವಾದದ್ದು ಗಾಡಿ, ಹಾಗಾಗಿ ಕ್ರಿಯಾಪದ ಗಾಡಿಯ ಮಾತು ಕೇಳುತ್ತದೆ. ‘ಮೀ’, ‘ತೂ’, ‘ಆಮ್ಹೀ’, ‘ತುಮ್ಹೀ’ಗಳಿಗೆ ಈ ‘ನೇ’ ಕಾಣಿಸುವುದಿಲ್ಲ, ನಿಯಮ ಮಾತ್ರ ಅದೇ. ನಾವು ಮೋಸ ಹೋಗುವುದೇ ಅಲ್ಲಿ. ನೀವು ಗಂಡಸಾಗಿರಿ ಹೆಂಗಸಾಗಿರಿ: ಮೀ ಕಾಂದಾ ಆಣಲಾ, ಮೀ ಭಾಕರೀ ಆಣಲೀ, ಮೀ ಲಿಂಬೂ ಆಣಲಂ. “ಮೀ ಭಾಕರೀ ಆಣಲೋ” ಎಂದ ಕ್ಷಣ ನೀವು ಭೀಮೆಯ ಈಚೆಯವರೆಂದು ಗೊತ್ತಾಗುತ್ತದೆ.

ಹೋಗು, ಬಾ, ಕೂಡು, ಬೀಳು ಇಂಥ ಕರ್ಮವಿಲ್ಲದ ಕ್ರಿಯೆಗಳಿಗೆ ಈ ತಾಪತ್ರಯವಿಲ್ಲ: ಮೀ ಗೇಲೋ, ಮೀ ಬಸಲೋ. ಕರ್ಮವಿದ್ದೂ ಕರ್ತೃವಿನ ಕಡೆಗೇ ನಿಲ್ಲುವ ಕೆಲವು ಕ್ರಿಯಾಪದಗಳಿವೆ. ಪಿಣೇ (ಕುಡಿ), ಶಿಕಣೇ (ಕಲಿ), ವಿಸರಣೇ (ಮರೆ), ಬೋಲಣೇ (ಮಾತಾಡು) ಇವಿಷ್ಟನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳಿ. ಮರಾಠಿ ಹೆಣ್ಣಾದರೂ ಗಂಡಸು “ಮೀ ಮರಾಠೀ ಶಿಕಲೋ” ಎಂದೇ ಹೇಳಬೇಕು.

ಕರ್ಮಕ್ಕೆ ‘ಲಾ’ ಹತ್ತಿದರೆ ಕ್ರಿಯಾಪದ ಯಾರ ಮಾತನ್ನೂ ಕೇಳದೆ ನಪುಂಸಕದಲ್ಲಿ ನಿಲ್ಲುತ್ತದೆ: “ಮೀ ತ್ಯಾಲಾ ಬಘಿತಲಂ”, “ಮೀ ತಿಲಾ ಬಘಿತಲಂ”. ಅವನಾದರೂ ಸರಿ, ಅವಳಾದರೂ ಸರಿ. ಇಲ್ಲಿ ಸ್ವಲ್ಪ ಉಸಿರಾಡಬಹುದು.

ಅಭ್ಯಾಸ ಹೀಗಿರಲಿ. ರಾತ್ರಿ ಮಲಗುವ ಮುಂಚೆ ಆ ದಿನ ಕೊಂಡದ್ದು, ತಿಂದದ್ದು, ಮಾಡಿದ್ದು ಹತ್ತು ವಾಕ್ಯದಲ್ಲಿ ಗಟ್ಟಿಯಾಗಿ ಹೇಳಿ. ಪ್ರತಿ ವಾಕ್ಯದಲ್ಲೂ ಕ್ರಿಯಾಪದಕ್ಕೆ ಬರುವ ಮುಂಚೆ ಒಂದು ಚಣ ನಿಂತು ‘ವಸ್ತು ಯಾವುದು?’ ಎಂದು ಕೇಳಿಕೊಳ್ಳಿ. ತಿಂಗಳೊಳಗೆ ಆ ನಿಲುಗಡೆ ತಾನಾಗಿ ಕರಗುತ್ತದೆ.

3. ಪ್ರತ್ಯಯಕ್ಕೆ ಮುಂಚಿನ ಬದಲಾವಣೆ. ನಾವು ‘ಮರಲ್ಲಿ’ ಎನ್ನುವುದಿಲ್ಲ, ನಡುವೆ ‘ದ’ ಸೇರಿಸಿ ‘ಮರದಲ್ಲಿ’ ಎನ್ನುತ್ತೇವೆ. ಮರಾಠಿಯಲ್ಲೂ ಪ್ರತ್ಯಯ ಹತ್ತುವ ಮುಂಚೆ ಶಬ್ದ ಮೈ ಬದಲಿಸುತ್ತದೆ. ಘರ, ಘರಾತ. ಭಿಂತ, ಭಿಂತೀವರ. ರಸ್ತಾ, ರಸ್ತ್ಯಾವರ. ಪುಣೇ, ಪುಣ್ಯಾಲಾ. “ಪುಣೇಲಾ ಜಾತೋ” ತಪ್ಪು. ಗಾಡೀ, ಇಂಡೀಯಂಥ ‘ಈ’ಕಾರದವು ಬದಲಾಗದ ಕಾರಣ ಸುಲಭ: ಗಾಡೀತ, ಇಂಡೀಹೂನ. ಪ್ರತ್ಯಯಗಳು ನಾಲ್ಕು ಬಂದರೆ ಸಂತೆ ಮುಗಿಯುತ್ತದೆ: ಲಾ (ಗೆ, ಕ್ಕೆ), ತ (ಒಳಗೆ), ವರ (ಮೇಲೆ), ಹೂನ (ಇಂದ).

ಎಚ್ಚರಿಕೆ: ಮುಖ ಒಂದೇ, ಮನಸ್ಸು ಬೇರೆ

ಸಂಬಂಧದ ಶಬ್ದಗಳಲ್ಲಿ ಅತಿ ಹೆಚ್ಚು ಗೊಂದಲ. ನಮ್ಮ ಕಡೆ ಆಯಿ ಅಂದರೆ ಅಜ್ಜಿ, ಮುತ್ಯಾನ ಜೋಡಿ. ಮರಾಠಿಯಲ್ಲಿ ಆಈ ಅಂದರೆ ಹಡೆದವ್ವ. ನಮ್ಮ ತಾಯಿ ಅಲ್ಲಿ ‘ತಾಈ’ ಆದಾಗ ಅಕ್ಕ. ಪುಣೆಯಲ್ಲಿ ತರಕಾರಿ ಮಾರುವ ಹೆಂಗಸನ್ನು ‘ತಾಈ’ ಎಂದರೆ ಆಕೆಗೆ ಖುಷಿ, ನೀವು ತಾಯಿ ಎಂದು ಕರೆದಿರಿ ಎಂದು ಆಕೆಗೆ ಗೊತ್ತಾಗುವುದೂ ಇಲ್ಲ. ಅಲ್ಲಿಗೆ ತೊಂದರೆಯಿಲ್ಲ. ಆಸ್ಪತ್ರೆಯ ಅರ್ಜಿಯಲ್ಲಿ ‘ಆಈಚೇ ನಾವ’ ಎಂದಿರುವ ಕಡೆ ಅಜ್ಜಿಯ ಹೆಸರು ಬರೆದರೆ ತೊಂದರೆ.

ಇನ್ನು ಕೆಲವು. ಪತ್ರಿಕಾ ಅಂದರೆ ಮದುವೆಯ ಕರೆಯೋಲೆ ಅಥವಾ ಜಾತಕ, ಓದುವ ಪತ್ರಿಕೆಗೆ ವರ್ತಮಾನಪತ್ರ. ಉದ್ಯೋಗ ಅಂದರೆ ಕೈಗಾರಿಕೆ, ವ್ಯವಹಾರ. ಕೆಲಸ ಹುಡುಕಿ ಬಂದವರು ‘ನೋಕರೀ’ ಕೇಳಬೇಕು. ನಮ್ಮ ಅನುಮಾನಕ್ಕೆ ಅವರ ಮಾತು ಶಂಕಾ. ಊಟಕ್ಕೆ ಕೂತಾಗ ಅವರು ‘ಆಗ್ರಹ’ ಮಾಡಿದರೆ ಗಾಬರಿ ಬೇಡ, ಇನ್ನೊಂದು ಪೋಳಿ ಹಾಕಿಸಿಕೊಳ್ಳಿ ಎಂಬ ಒತ್ತಾಯವಷ್ಟೆ.

‘ನಾವು’ ಎನ್ನುವಾಗಲೂ ಹುಷಾರು. ಮರಾಠಿಯಲ್ಲಿ ಎರಡು ‘ನಾವು’ ಇವೆ: ಎದುರಿಗಿರುವವರನ್ನು ಸೇರಿಸಿಕೊಂಡರೆ ‘ಆಪಣ’, ಬಿಟ್ಟರೆ ‘ಆಮ್ಹೀ’. ಪಕ್ಕದಲ್ಲಿ ನಿಂತ ಗೆಳೆಯನಿಗೆ “ಆಮ್ಹೀ ಜೇವಾಯಲಾ ಜಾತೋ” ಎಂದರೆ, ನಾವು ಉಣ್ಣಾಕ ಹೋಗ್ತೀವಿ, ನೀ ಇಲ್ಲೇ ಇರು ಎಂದಂತೆ. ಕರೆಯಬೇಕಿದ್ದರೆ “ಆಪಣ ಜಾಊಯಾ”.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹಿಂದಿ ಬೆರೆಸುವುದು. ದೇವನಾಗರಿ ಲಿಪಿ ಶಾಲೆಯ ಹಿಂದಿಯಿಂದ ಬಂದಿರುತ್ತದೆ, ಅದು ಲಾಭ. ಹಿಂದಿಯ ಲಿಂಗವನ್ನೂ ತಂದರೆ ನಷ್ಟ. ದುಕಾನ ಹಿಂದಿಯಲ್ಲಿ ಹೆಣ್ಣು, ಮರಾಠಿಯಲ್ಲಿ ನಪುಂಸಕ. ನೀರು ಹಿಂದಿಯಲ್ಲಿ ಗಂಡು, ಮರಾಠಿಯಲ್ಲಿ ನಪುಂಸಕ. ಶಿಕ್ಷಾ ಹಿಂದಿಯಲ್ಲಿ ಶಿಕ್ಷಣ, ಮರಾಠಿಯಲ್ಲಿ ನಮ್ಮ ಹಾಗೇ ದಂಡನೆ.

ಚ, ಜ, ಝಗಳ ಉಚ್ಚಾರ. ಇವಕ್ಕೆ ಅಲ್ಲಿ ಎರಡೆರಡು ದನಿ. ಚಹಾ, ಚಾರ (ನಾಲ್ಕು) ನಮ್ಮ ಚ. ಚಾಕ (ಗಾಲಿ), ಚೋರ ಎನ್ನುವಾಗ ನಾಲಿಗೆಯ ತುದಿ ಹಲ್ಲಿನ ಬುಡಕ್ಕೆ ತಾಗಿ ‘ತ್ಸ’ ಎಂದಂತೆ ಬರಬೇಕು. ಇ, ಈ, ಏ, ಯ ಮುಂದೆ ಬಂದರೆ ಯಾವಾಗಲೂ ನಮ್ಮ ದನಿ. ಹಾಗಾಗಿ ‘ಇಂಡೀಚೀ’ಯ ಚೀ ನಮ್ಮದು, ‘ಇಂಡೀಚಾ’ದ ಚಾ ಅವರದು. ಉಳಿದ ಕಡೆ ಕಿವಿಯೇ ಗುರು. ಳ, ಣ ಮಾತ್ರ ನಮಗೆ ಹುಟ್ಟಿನಿಂದ ಬಂದವು. ಉತ್ತರ ಭಾರತದವರು ‘ಳ’ಕ್ಕೆ ಒದ್ದಾಡುವಾಗ ನೀವು ಸ್ವಲ್ಪ ಬೀಗಬಹುದು.

ಕರೆಯುವ ರೀತಿ. ‘ಅರೇ’ ಗಂಡಸರಿಗೆ, ‘ಅಗಂ’ ಹೆಂಗಸರಿಗೆ, ಎರಡೂ ಸಲಿಗೆಯವರಿಗೆ ಮಾತ್ರ. ಉಳಿದವರಿಗೆಲ್ಲ ‘ಅಹೋ’, ಅದು ನಮ್ಮ ‘ರೀ’.

ಬರೆದಂತೆ ಆಡುವುದು. ಪುಸ್ತಕದ ‘ಘೇತಲೇ’ ಬಾಯಲ್ಲಿ ‘ಘೇತಲಂ’ ಆಗುತ್ತದೆ. ಪದದ ಕೊನೆಯ ಅಕಾರವೂ ಉದುರುತ್ತದೆ: ಘರ ಎಂದು ಬರೆದು ಘರ್ ಎನ್ನಬೇಕು. ಓದಲು ಪುಸ್ತಕ ಬೇಕಿದ್ದರೆ ಮಹಾರಾಷ್ಟ್ರದ ಬಾಲಭಾರತಿ ಸಂಸ್ಥೆ ಬೇರೆ ಮಾಧ್ಯಮದ ಮಕ್ಕಳಿಗೆಂದೇ ‘ಸುಲಭಭಾರತಿ’ ಎಂಬ ಮರಾಠಿ ಪಠ್ಯ ತರುತ್ತದೆ. ಜತ್ತ, ಅಕ್ಕಲಕೋಟೆ ಕಡೆಯ ಕನ್ನಡ ಶಾಲೆಯಲ್ಲಿ ಓದುವ ನೆಂಟರ ಮಕ್ಕಳಿದ್ದರೆ ಹಳೆಯ ಪ್ರತಿ ಸಿಕ್ಕೀತು. ಮೊಬೈಲಿನ ಅನುವಾದ ಫಲಕ ಓದಲು ಸಾಕು, ಆದರೆ ಮಾತಾಡುವವರು ಗಂಡೋ ಹೆಣ್ಣೋ ಅದಕ್ಕೆ ಕಾಣುವುದಿಲ್ಲ.

ಕೊನೆಗೆ ಅಂಕಿ

ಕನ್ನಡದಲ್ಲಿ ಮೂವತ್ತು, ಏಳು ಬಂದರೆ ಮೂವತ್ತೇಳು ಬಂದಂತೆ. ಮರಾಠಿಯಲ್ಲಿ ತೀಸ, ಸಾತ ಬಂದರೂ ‘ಸದತೀಸ’ ಬೇರೆಯಾಗಿ ಕಲಿಯಬೇಕು. ಅಲ್ಲಿ ಬಿಡಿ ಮೊದಲು, ಹತ್ತು ಆಮೇಲೆ. ಅವರ ಮಕ್ಕಳಿಗೂ ಇದು ಕಷ್ಟವೇ. 2019ರಲ್ಲಿ ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ ಇಪ್ಪತ್ತೊಂದಕ್ಕೆ ‘ಏಕವೀಸ’ ಜೊತೆಗೆ ‘ವೀಸ ಏಕ’ ಎಂದೂ ಕೊಟ್ಟಾಗ ಮಹಾರಾಷ್ಟ್ರದಲ್ಲಿ ದೊಡ್ಡ ಗದ್ದಲವೇ ಎದ್ದಿತ್ತು.

ನೂರನ್ನೂ ಒಂದೇ ಸಲಕ್ಕೆ ನುಂಗಬೇಡಿ. ಹತ್ತರ ಮಗ್ಗಿಯ ಅಂಕಿಗಳು, ಪಂಚವೀಸ (25), ಪಂಚ್ಯಾಹತ್ತರ (75) ಮೊದಲು. ‘ಏಕೋಣ’ ಎಂದು ಶುರುವಾದರೆ ಮುಂದಿನ ಹತ್ತಕ್ಕೆ ಒಂದು ಕಡಿಮೆ: ಏಕೋಣಪನ್ನಾಸ 49, ಏಕೋಣಸಾಠ 59. ಆಮೇಲೆ ದೀಡಶೇ (150), ಅಡೀಚಶೇ (250), ಸವ್ವಾಶೇ (125), ಸಾಡೇತೀನಶೇ (350). ದೀಡ, ಸವ್ವಾ ನಮ್ಮ ಅಜ್ಜಂದಿರ ಬಾಯಲ್ಲಿ ಕೇಳಿದವೇ.

ಇವುಗಳಲ್ಲಿ ಒಂದನ್ನು ಮಾತ್ರ ಇವತ್ತೇ ಕಲಿತುಬಿಡಿ: ‘ಪಾವಣೇ’. ಅಂದರೆ ಕಾಲು ಕಡಿಮೆ. ‘ಸವ್ವಾದೋನ’ ಎರಡೂಕಾಲು, ‘ಪಾವಣೇದೋನ’ ಒಂದೂ ಮುಕ್ಕಾಲು. ವಿಜಯಪುರದ ಬಸ್ಸು ಪಾವಣೇದೋನಕ್ಕೆ ಎಂದು ಸೊಲ್ಲಾಪುರ ನಿಲ್ದಾಣದಲ್ಲಿ ಯಾರಾದರೂ ಹೇಳಿದರೆ, ‘ಪಾವಣೇ’ಯನ್ನು ‘ಸವ್ವಾ’ ಎಂದು ತಿಳಿದು ಎರಡರ ಮೇಲೆ ಕಾಲು ಗಂಟೆ ಎಂದುಕೊಂಡು ಚಹಾ ಕುಡಿಯಲು ಹೋಗಬೇಡಿ. ನೀವು ವಾಪಸ್ ಬರುವ ಹೊತ್ತಿಗೆ ಬಸ್ಸು ಭೀಮಾ ನದಿಯ ಹತ್ತಿರ ಇರುತ್ತದೆ.